ತಂಬಿಗೆ ನೀರು, ಲಕ್ಕಮ್ಮನ ಅಕ್ಕಿ

ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಕಡೆಯ ಯಾವ ಮನೆಗೆ ಹೋದರೂ ಮೊದಲು ಕೈಗೆ ಬರುವುದು ತಂಬಿಗೆ ನೀರು. ಹೆಸರು ಕೇಳುವ ಮುಂಚೆ, ಬಂದ ಕೆಲಸ ಕೇಳುವ ಮುಂಚೆ ನೀರು. ಹರವಿಯಲ್ಲಿಟ್ಟ ತಣ್ಣೀರು, ಕಣ್ಣಿಗೆ ತಿಳಿ, ಬಾಯಿಗೆ ಸಿಹಿ. ಕೊಟ್ಟ ಅವ್ವ ನಕ್ಕರೆ ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆ ಕಾಣುತ್ತದೆ. ಆಕೆಯ ಹಿಂದೆ ಬಾಗಿಲಿಗೆ ಆತುಕೊಂಡು ನಿಂತ ಮೊಮ್ಮಗಳ ಹಲ್ಲಲ್ಲೂ ಅದೇ ಗೆರೆ. ಕಟ್ಟೆಯ ಮೇಲೆ ಕೂತ ಯಜಮಾನರು ಬಂದವರನ್ನು ನೋಡಲು ಕುತ್ತಿಗೆ ಹೊರಳಿಸುವುದಿಲ್ಲ, ಇಡೀ ಮೈ ಹೊರಳಿಸುತ್ತಾರೆ.

ಸೇವೆ ಮಾಡಬೇಕೆಂದು ಈ ಸೀಮೆಗೆ ಬರುವವರು ಹಲವರು. ಮಠದ ಕಡೆಯಿಂದ ಬರುವವರಿದ್ದಾರೆ, ಚರ್ಚಿನ ಕಡೆಯಿಂದ, ಸಂಸ್ಥೆಗಳಿಂದ, ಡಿಗ್ರಿ ಮುಗಿಸಿ ಒಂದೆರಡು ವರ್ಷ ಹಳ್ಳಿಯಲ್ಲಿ ಇದ್ದು ನೋಡೋಣ ಎಂದು ಬರುವವರಿದ್ದಾರೆ. ಎಲ್ಲರ ಎದೆಯೊಳಗೂ ಒಂದು ಪ್ರಶ್ನೆ ಇರುತ್ತದೆ: ದೇವರು ನನ್ನನ್ನು ಇಲ್ಲಿಗೆ ಯಾಕೆ ಕಳಿಸಿದ? ಉತ್ತರಕ್ಕಾಗಿ ದೊಡ್ಡ ಕೆಲಸವೊಂದನ್ನು ಹುಡುಕಿಕೊಂಡು ಊರೂರು ಅಲೆಯುತ್ತಾರೆ. ಮೊದಲ ದಿನವೇ ಕೈಗೆ ಕೊಟ್ಟ ತಂಬಿಗೆಯಲ್ಲಿ ಏನಿದೆ ಎಂದು ಕೇಳಿದರೆ ಸಾಕು, ಹತ್ತು ವರ್ಷಕ್ಕಾಗುವಷ್ಟು ಕೆಲಸ ಅಲ್ಲೇ ಇದೆ.

ಅದರಲ್ಲಿರುವುದು ಫ್ಲೋರೈಡ್. ಹಲ್ಲಿನ ಆ ಕಂದು ಗೆರೆ, ಹೊರಳದ ಆ ಕುತ್ತಿಗೆ ಎರಡೂ ಅದರ ಗುರುತು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ನಮ್ಮ ಭಾಗದ ಅನೇಕ ಬೋರ್‌ವೆಲ್‌ಗಳು ಆ ಗೆರೆ ದಾಟಿವೆ. ನೆಲದಡಿಯ ಗ್ರಾನೈಟು, ನೈಸ್ ಶಿಲೆಗಳ ಬಿರುಕಿನಲ್ಲಿ ನೀರು ಎಷ್ಟು ವರ್ಷ ನಿಂತಿರುತ್ತದೋ ಅಷ್ಟು ಫ್ಲೋರೈಡ್ ಕಲ್ಲಿನಿಂದ ಕರಗಿ ಇಳಿಯುತ್ತದೆ. ಹಳೆಯ ಸೇದುವ ಬಾವಿಯ ನೀರು ಮಳೆಯಿಂದ ಮಳೆಗೆ ಬದಲಾಗುತ್ತಿತ್ತು. ಬೋರು ಆಳಕ್ಕೆ ಹೋದಂತೆ ಹಳೆಯ ನೀರು ಮೇಲೆ ಬಂತು. ತುಂಗಭದ್ರೆಯ ಕಾಲುವೆ ನೀರು ಸಿಂಧನೂರು, ಗಂಗಾವತಿಗೆ ಸಿಕ್ಕಿತು. ಕಾಲುವೆ ಏರದ ಮಡ್ಡಿ ಊರುಗಳಿಗೆ ಬೋರೇ ಗತಿ.

ಹೊರಗಿನಿಂದ ಬಂದವರಿಗೆ ತಿಳಿಯದ ಒಂದು ಸಂಗತಿ ಹೇಳಬೇಕು. ಕ್ಯಾಲ್ಸಿಯಂ ಕಡಿಮೆಯಿದ್ದು ಬೈಕಾರ್ಬೊನೇಟ್ ಹೆಚ್ಚಿರುವ ನೀರಿನಲ್ಲಿ ಫ್ಲೋರೈಡ್ ಸಲೀಸಾಗಿ ಕರಗುತ್ತದೆ. ಅಂಥ ನೀರು ಮೃದು. ಸಾಬೂನು ನೊರೆ ಬರುತ್ತದೆ, ಬೇಳೆ ಬೇಗ ಬೇಯುತ್ತದೆ. ಹಾಗಾಗಿ ಊರಿನ ನಾಲ್ಕು ಬೋರುಗಳಲ್ಲಿ ಹೆಣ್ಣುಮಕ್ಕಳು ಅಡುಗೆಗೆಂದು ಆರಿಸಿಕೊಂಡ ಬೋರೇ ಎಷ್ಟೋ ಸಲ ಹೆಚ್ಚು ಫ್ಲೋರೈಡ್ ಇರುವ ಬೋರು ಆಗಿರುತ್ತದೆ. "ಆ ನೀರಿಗೆ ಬ್ಯಾಳಿ ಬೆಣ್ಣಿಯಂಗ ಬೇಯ್ತೈತ್ರಿ" ಎಂದು ಅಕ್ಕ ಹೇಳಿದರೆ ಆ ಬೋರನ್ನು ಮೊದಲು ಪರೀಕ್ಷೆ ಮಾಡಿ. ಆಕೆಯ ಆಯ್ಕೆಯಲ್ಲಿ ತಪ್ಪಿಲ್ಲ. ಕಣ್ಣು, ನಾಲಗೆ, ಒಲೆ ಮೂರೂ ಒಳ್ಳೆಯದೆಂದ ನೀರನ್ನೇ ಆಕೆ ಆರಿಸಿದ್ದಾಳೆ.

ಪರೀಕ್ಷೆ ಕಷ್ಟದ್ದಲ್ಲ, ಆದರೆ ಅಡ್ಡಾದಿಡ್ಡಿ ಮಾಡಿದರೆ ಊರಿಗೇ ಸುಳ್ಳು ಹೇಳಿದಂತಾಗುತ್ತದೆ. ಜಲ ಜೀವನ್ ಮಿಷನ್ ಅಡಿಯಲ್ಲಿ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ. ಪ್ರತಿ ಊರಲ್ಲಿ 5 ಮಂದಿ ಹೆಣ್ಣುಮಕ್ಕಳಿಗೆ ತರಬೇತಿ ಆಗಬೇಕೆಂಬ ನಿಯಮವೂ ಇದೆ. ಹೊಸ ಕಿಟ್ ಕೊಳ್ಳುವ ಮುಂಚೆ ಪಂಚಾಯಿತಿ ಕಪಾಟು ತೆಗೆಸಿ ನೋಡಿ. ಇದ್ದರೆ ಮೊದಲು ರಿಯೇಜೆಂಟ್, ಅಂದರೆ ನೀರಿಗೆ ಹಾಕಿ ಬಣ್ಣ ನೋಡುವ ರಾಸಾಯನಿಕದ ಬಾಟಲಿಯ ಮೇಲಿನ ತಾರೀಕು ಓದಿ. ಅವಧಿ ಮುಗಿದ ರಿಯೇಜೆಂಟ್ ಏನಾದರೊಂದು ಬಣ್ಣ ಕೊಟ್ಟೇ ಕೊಡುತ್ತದೆ, ಅಪಾಯ ಇರುವುದೇ ಅಲ್ಲಿ. ಕೈಪಂಪು ಆದರೆ ನಾಲ್ಕೈದು ನಿಮಿಷ ಹೊಡೆದು, ಪೈಪಿನಲ್ಲಿ ನಿಂತ ನೀರು ಹೋದ ಮೇಲೆ ಹಿಡಿಯಬೇಕು. ಮೋಟರು ಇದ್ದರೆ ಟ್ಯಾಂಕಿನ ನಲ್ಲಿಯ ಬದಲು ಬೋರಿನ ಬಾಯಿಯಿಂದ ಹಿಡಿಯಬೇಕು, ಇಲ್ಲವಾದರೆ ಎರಡು ಬೋರಿನ ನೀರು ಕಲೆತಿರುತ್ತದೆ. ಬಾಟಲಿ ಪ್ಲಾಸ್ಟಿಕ್ಕಿನದೇ ಇರಲಿ, ಗಾಜು ಬೇಡ. ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿ. ಬೋರಿನ ಗುರುತು, ತಾರೀಕು, ಹೊತ್ತು ಬಾಟಲಿಯ ಮೈಮೇಲೆ ಬರೆಯಿರಿ. ಮುಚ್ಚಳದ ಮೇಲೆ ಬರೆದರೆ ಮುಚ್ಚಳಗಳೇ ಅದಲುಬದಲಾಗುತ್ತವೆ. ರಿಯೇಜೆಂಟ್ ಎಷ್ಟು ಹನಿ, ಎಷ್ಟು ನಿಮಿಷ ಎಂಬುದು ಆಯಾ ಕಿಟ್ಟಿನ ಚೀಟಿಯಂತೆ. ಹೆಚ್ಚಿನ ಕಿಟ್‌ಗಳಲ್ಲಿ ಗುಲಾಬಿ ಬಣ್ಣ ಉಳಿದರೆ ಫ್ಲೋರೈಡ್ ಕಡಿಮೆ, ಹಳದಿಯತ್ತ ಹೊರಳಿದರೆ ಹೆಚ್ಚು. ಬಣ್ಣವನ್ನು ನೆರಳಿನ ಬೆಳಕಿನಲ್ಲಿ, ಬಿಳಿ ಹಾಳೆಯ ಮುಂದೆ ಹಿಡಿದು ಇಬ್ಬರು ನೋಡಬೇಕು. ಹಳದಿ ಬಲ್ಬಿನ ಕೆಳಗೆ ನೋಡಿದರೆ ಎಲ್ಲ ನೀರೂ ಕೆಟ್ಟದ್ದಾಗಿ ಕಾಣುತ್ತದೆ. 1.5ರ ಆಸುಪಾಸು ಬಂದದ್ದನ್ನೆಲ್ಲ ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸಿ. ಕಿಟ್ಟಿನ ಬಣ್ಣದ ಮೇಲೆ ಬೋರು ಮುಚ್ಚಿಸುವ ಮಾತಾಡಬೇಡಿ. ಮುಂಗಾರಿಗೆ ಮುಂಚೆ ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ ಮಾಡಿದರೆ ವರ್ಷದ ಚಿತ್ರ ಸಿಗುತ್ತದೆ.

ಟಿಡಿಎಸ್ ಮೀಟರಿನ ವಿಷಯದಲ್ಲಿ ಒಳ್ಳೆಯ ಮನಸ್ಸಿನವರೇ ಹೆಚ್ಚು ತಪ್ಪುತ್ತಾರೆ. ಪೆನ್ನಿನಂಥ ಆ ಮೀಟರನ್ನು ನೀರಿಗೆ ಅದ್ದಿ, 300 ತೋರಿಸಿತು, ನೀರು ಚೊಲೊ ಐತಿ ಎಂದು ಹೇಳಿಬಿಡುತ್ತಾರೆ. ಆ ಮೀಟರು ಅಳೆಯುವುದು ಕರಗಿದ ಲವಣಗಳ ಒಟ್ಟು ಮೊತ್ತ. 300ರ ನೀರಿನಲ್ಲಿ 3 ಮಿಲಿಗ್ರಾಂ ಫ್ಲೋರೈಡ್ ಇರಬಹುದು, 1200ರ ಉಪ್ಪು ನೀರಿನಲ್ಲಿ ಅರ್ಧ ಮಿಲಿಗ್ರಾಂ ಇರಬಹುದು. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಕ್ಯಾಂಡಲ್ ಫಿಲ್ಟರ್, ಬ್ಲೀಚಿಂಗ್ ಪೌಡರ್ ಎರಡೂ ಹೇಲುಬೇನೆಯ ಕ್ರಿಮಿಗಳಿಗೆ ಮದ್ದು, ಫ್ಲೋರೈಡಿಗೆ ಅಲ್ಲ.

ಊರಲ್ಲಿ ಫ್ಲೋರೈಡನ್ನೂ ತೆಗೆಯುವ ಫಿಲ್ಟರ್ ನೀರಿನ (ಆರ್‌ಒ) ಘಟಕ ಇದೆಯಲ್ಲ, ಇನ್ನೇನು ಎಂದು ಬಹಳ ಮಂದಿ ಅಲ್ಲಿಗೇ ಕೈತೊಳೆದುಕೊಳ್ಳುತ್ತಾರೆ. ನಮ್ಮ ಮಟ್ಟಿಗೆ ಸೇವೆ ಅಲ್ಲಿಂದ ಶುರುವಾಗುತ್ತದೆ. ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ 8ರಿಂದ 10 ಲೀಟರ್ ಶುದ್ಧ ನೀರು ಬೇಕು. ಐದು ಮಂದಿಯ ಮನೆಗೆ 40ರಿಂದ 50 ಲೀಟರ್, ಅಂದರೆ 20 ಲೀಟರಿನ ಎರಡು ಎರಡೂವರೆ ಕ್ಯಾನು. ಕ್ಯಾನಿಗೆ 5 ರೂಪಾಯಿ ಎಂದರೂ ತಿಂಗಳಿಗೆ 300 ದಾಟಿತು. ದುಡ್ಡಿಗಿಂತ ಭಾರ ಹೆಚ್ಚು: 20 ಕಿಲೋ ಹೊತ್ತು ದಿನಕ್ಕೆ ಎರಡು ಸಲ ನಡೆಯುವವರು ಯಾರು? ಹಾಗಾಗಿ ಮನೆಗೆ ಬರುವುದು ಒಂದೇ ಕ್ಯಾನು. ಅದು ಕುಡಿಯಲು. ಅಡುಗೆಗೆ ಬೋರಿನ ನೀರೇ.

ಬೆಳಿಗ್ಗೆ ಐದೂವರೆಗೆ ಆ ಅಡುಗೆ ಒಲೆಯ ಮುಂದೆ ಸ್ವಲ್ಪ ಹೊತ್ತು ಕೂತು ನೋಡಿ. ರೊಟ್ಟಿಗೆ ಎಸರಿಟ್ಟದ್ದು ಬೋರಿನ ನೀರು. ಕುದಿದ ಎಸರು ಜೋಳದ ಹಿಟ್ಟಿನೊಳಗೆ ಪೂರ್ತಿ ಸೇರುತ್ತದೆ, ಒಂದು ತೊಟ್ಟೂ ಹೊರಗೆ ಹೋಗುವುದಿಲ್ಲ. ಬೇಳೆ ಕುದಿಯುವುದು ಅದರಲ್ಲಿ, ಅನ್ನ ಬೇಯುವುದು ಅದರಲ್ಲಿ, ಮೂರು ಸಲ ಕಾಯಿಸಿದ ಚಹಾ ಅದರಲ್ಲಿ. ಚಹಾ ಪುಡಿಯಲ್ಲಿ ಫ್ಲೋರೈಡ್ ಮೊದಲೇ ಇದೆ. ಫಿಲ್ಟರ್ ನೀರು ಕುಡಿಯುತ್ತಿದ್ದರೂ ಮೈಗೆ ಫ್ಲೋರೈಡ್ ಸೇರುತ್ತಲೇ ಇರುತ್ತದೆ. ಒಂದೇ ಕ್ಯಾನು ಸಾಧ್ಯವಿರುವ ಮನೆಗೆ ಹೇಳಬೇಕಾದ ಮಾತು ಇದು: ಸ್ನಾನ, ಪಾತ್ರೆ, ಬಟ್ಟೆಗೆ ಬೋರು ಇರಲಿ, ಅದರಿಂದ ಏನೂ ತೊಂದರೆಯಿಲ್ಲ. ಎಂಟು ವರ್ಷದೊಳಗಿನ ಮಕ್ಕಳು, ಬಸುರಿ, ಬಾಣಂತಿ ಇವರ ಕುಡಿಯುವ ನೀರು ಮೊದಲು, ಆಮೇಲೆ ಮಗುವಿನ ಗಂಜಿ, ಬೇಳೆ, ಎಸರು. ಎದೆಹಾಲಿನಲ್ಲಿ ಫ್ಲೋರೈಡ್ ತೀರಾ ಕಡಿಮೆ, ತಾಯಿ ಬೋರಿನ ನೀರು ಕುಡಿದರೂ ಅಷ್ಟೇ. ಆರು ತಿಂಗಳು ಬರೀ ಎದೆಹಾಲು ಕೊಟ್ಟ ಮಗು ಅಷ್ಟರ ಮಟ್ಟಿಗೆ ಸುರಕ್ಷಿತ. ಮೊದಲ ಗಂಜಿಯ ದಿನದಿಂದ ನೀರಿನ ಲೆಕ್ಕ ಶುರು.

ಶಾಲೆಯಲ್ಲೂ ಇದೇ ಮಾತು. ಬಿಸಿಯೂಟಕ್ಕೆ ನಮ್ಮ ರಾಜ್ಯ ಇಟ್ಟ ಹೆಸರು ಅಕ್ಷರ ದಾಸೋಹ. ಕ್ಷೀರಭಾಗ್ಯದಲ್ಲಿ ಒಂದು ಮಗುವಿಗೆ 18 ಗ್ರಾಂ ಹಾಲಿನ ಪುಡಿ, 150 ಮಿಲಿಲೀಟರ್ ಹಾಲು. ಫ್ಲೋರೈಡಿನ ವಿರುದ್ಧ ಮೈಗೆ ಬಲ ಕೊಡುವುದು ಕ್ಯಾಲ್ಸಿಯಂ, ಅಂದರೆ ಹಾಲೇ. ಆ ಪುಡಿಯನ್ನು 3 ಮಿಲಿಗ್ರಾಂ ಫ್ಲೋರೈಡಿನ ನೀರಿನಲ್ಲಿ ಕದಡಿದರೆ ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಿತ್ತುಕೊಂಡಂತೆ. ಅಡುಗೆ ಸಿಬ್ಬಂದಿಯನ್ನು ದೂರಬೇಡಿ, ಅವರಿಗೆ ಯಾರೂ ಹೇಳಿಲ್ಲ. ಮುಖ್ಯಗುರುಗಳ ಜೊತೆ ಕೂತು ಮಾತಾಡಿ, ಮೊದಲು ಹಾಲಿನ ನೀರು ಬದಲಿಸಿ. 80 ಮಕ್ಕಳಿಗೆ 12 ಲೀಟರ್ ಸಾಕು, ಒಂದು ಕ್ಯಾನೂ ಪೂರ್ತಿ ಬೇಡ.

ಫಿಲ್ಟರ್ ಘಟಕಗಳು ಕೆಡುವುದು ಹೆಚ್ಚಾಗಿ ಸಣ್ಣ ಕಾರಣಕ್ಕೆ. ಮರಳಿನ ಫಿಲ್ಟರನ್ನು ದಿನಾ ಹಿಮ್ಮುಖವಾಗಿ ತೊಳೆಯದೆ, ಸಣ್ಣ ಕಣ ಹಿಡಿಯುವ ಕಾರ್ಟ್ರಿಡ್ಜ್ ಕಟ್ಟುತ್ತದೆ. ಕಾರ್ಟ್ರಿಡ್ಜ್ ಕಟ್ಟಿದರೆ ಪಂಪಿಗೆ ನೀರು ಸಾಲದೆ ಕೂಗುತ್ತದೆ. ಸುಣ್ಣ ಕಟ್ಟದಂತೆ ತಡೆಯುವ ಆಂಟಿಸ್ಕೇಲಂಟ್ ಡಬ್ಬಿ ಖಾಲಿಯಾಗಿ, ಫ್ಲೋರೈಡನ್ನು ಸೋಸುವ ತೆಳು ಪೊರೆಯಾದ ಮೆಂಬ್ರೇನಿನ ಮೇಲೆ ಸುಣ್ಣ ಕೂರುತ್ತದೆ. ರಾತ್ರಿ ವೋಲ್ಟೇಜ್ ಏರುಪೇರಾಗಿ ಬೋರ್ಡು ಸುಡುತ್ತದೆ. ಟಿಡಿಎಸ್ ಮೀಟರಿಗೆ ನಿಜವಾದ ಕೆಲಸ ಇಲ್ಲಿದೆ: ಒಳಗೆ ಹೋಗುವ ನೀರು, ಹೊರಗೆ ಬರುವ ನೀರು ಎರಡನ್ನೂ ವಾರಕ್ಕೊಮ್ಮೆ ಅಳೆದು ಬರೆದಿಡಿ. ಹೊರಗಿನ ಅಂಕಿ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಮೆಂಬ್ರೇನ್ ಸೋಲುತ್ತಿದೆ, ಆಗ ಫ್ಲೋರೈಡ್ ಪರೀಕ್ಷೆ ಕೂಡಲೇ ಮಾಡಿಸಬೇಕು. ಸೋಸಿ ಬೇರ್ಪಟ್ಟ ಫ್ಲೋರೈಡ್, ಲವಣ ಹೊತ್ತು ಘಟಕದಿಂದ ಹೊರಬೀಳುವ ರಿಜೆಕ್ಟ್ ನೀರನ್ನು ದನಗಳ ತೊಟ್ಟಿಗೆ ಬಿಡುವ ಊರುಗಳಿವೆ. ನೀರು ಹಾಳಾಗಬಾರದೆಂಬ ಒಳ್ಳೆಯ ಉದ್ದೇಶ ಅದು, ಆದರೆ ದನದ ಹಲ್ಲು, ಕೀಲು ಕೂಡ ನಮ್ಮಂತೆಯೇ ಕೆಡುತ್ತವೆ. ಶೌಚಾಲಯಕ್ಕೆ, ನೆಲ ತೊಳೆಯಲಿಕ್ಕೆ ಬಿಡಿ.

ಶಾಲೆಗೆ ನಾವು ಹೆಚ್ಚು ನಂಬುವುದು ಮಳೆ ನೀರನ್ನು. ಮುಗಿಲಿಂದ ಬಿದ್ದ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಮಣ್ಣಿನ ಮಾಳಿಗೆ ಮನೆಗಳಿಗೆ ಇದು ಹೊಂದುವುದಿಲ್ಲ, ಶಾಲೆಯ ಸಿಮೆಂಟ್ ತಾರಸಿಗೆ ಹೊಂದುತ್ತದೆ. 100 ಚದರ ಮೀಟರ್ ತಾರಸಿ, ವರ್ಷಕ್ಕೆ 600 ಮಿಲಿಮೀಟರ್ ಮಳೆ, ಐದರಲ್ಲೊಂದು ಪಾಲು ಇಂಗಿ ಸೋರಿ ಹೋಯಿತೆಂದರೂ 48,000 ಲೀಟರ್ ಕೈಗೆ ಬರುತ್ತದೆ. 80 ಮಕ್ಕಳಿಗೆ ತಲಾ 2 ಲೀಟರಿನಂತೆ, ಮಳೆ ನಿಂತ ನವೆಂಬರಿನಿಂದ ಏಪ್ರಿಲ್‌ವರೆಗಿನ ಸುಮಾರು 120 ಶಾಲಾ ದಿನಕ್ಕೆ 19,200 ಲೀಟರ್ ಬೇಕು. 25,000 ಲೀಟರಿನ ಮುಚ್ಚಿದ ತೊಟ್ಟಿ ಕಟ್ಟಿದರೆ ಮಳೆ ಕೈಕೊಟ್ಟ ವರ್ಷಕ್ಕೂ ಸ್ವಲ್ಪ ಆಸರೆ. ಮೃಗಶಿರ ಮಳೆಗೆ ಮುಂಚೆ ತಾರಸಿ ಗುಡಿಸಬೇಕು. ಬಹಳ ದಿನ ಬಿಸಿಲು ಬಿದ್ದ ಮೇಲೆ ಬರುವ ಮಳೆಯ ಮೊದಲ 2 ಮಿಲಿಮೀಟರ್ ಧೂಳು, ಹಕ್ಕಿ ಹಿಕ್ಕೆ ತೊಳೆದು ತರುತ್ತದೆ. ಅದು 200 ಲೀಟರ್, ಒಂದು ಡ್ರಮ್ಮು. ಆ ಡ್ರಮ್ಮಿಗೆ ಬೇರೆ ದಾರಿ ಇಟ್ಟು, ಅದು ತುಂಬಿದ ಮೇಲಷ್ಟೇ ತೊಟ್ಟಿಗೆ ನೀರು ತಿರುಗಬೇಕು. ತೊಟ್ಟಿಗೆ ಬೆಳಕು ಬಿದ್ದರೆ ಪಾಚಿ, ಸಂದಿ ಇದ್ದರೆ ಸೊಳ್ಳೆ. 1,000 ಲೀಟರಿಗೆ ಎರಡೂವರೆ ಗ್ರಾಂ ತಾಜಾ ಬ್ಲೀಚಿಂಗ್ ಪೌಡರ್, ಅರ್ಧ ಗಂಟೆ ಬಿಟ್ಟು ಬಳಕೆ. ಬಾಯಿ ತೆರೆದಿಟ್ಟ ಚೀಲದ ಪೌಡರಿನಲ್ಲಿ ಶಕ್ತಿ ಉಳಿದಿರುವುದಿಲ್ಲ. ಇಷ್ಟರಲ್ಲಿ ಹೆಚ್ಚಾಗಿ ಕೆಡುವುದು ಮೊದಲ ಮಳೆಯ ಡ್ರಮ್ಮು. ಕೆಳಗಿನ ಬೂಚು ತೆಗೆದು ಅದನ್ನು ಖಾಲಿ ಮಾಡಲು ಮರೆತರೆ ಮುಂದಿನ ಮಳೆಯ ಕೊಳೆಯೆಲ್ಲ ನೇರ ತೊಟ್ಟಿಗೆ.

ವಯಸ್ಸಾದವರ ವಿಷಯ ಬೇರೆ, ಅಲ್ಲಿ ಮಾತು ಮೆತ್ತಗಿರಬೇಕು. ಬಾಗಿ ಕಾಲ್ಬೆರಳು ಮುಟ್ಟಲು ಹೇಳಿ, ಗದ್ದವನ್ನು ಎದೆಗೆ ತಾಗಿಸಲು ಹೇಳಿ, ಎರಡೂ ಕೈಯನ್ನು ತಲೆಯ ಹಿಂದೆ ಕಟ್ಟಲು ಹೇಳಿ. ಮೂರೂ ಆಗದಿದ್ದರೆ ಎಲುಬಿಗೆ ಫ್ಲೋರೈಡ್ ಇಳಿದಿರುವ ಅನುಮಾನ ಬಲವಾಗುತ್ತದೆ, ವೈದ್ಯರಿಗೆ ತೋರಿಸಬೇಕು. ಇಷ್ಟು ವರ್ಷ ಅದನ್ನು ವಾತವೆಂದು ಗುಳಿಗೆ ನುಂಗಿರುತ್ತಾರೆ. ನೀರು ಬದಲಿಸಿ, ಹಾಲು, ನುಗ್ಗೆಸೊಪ್ಪು, ನೆಲ್ಲಿಕಾಯಿ, ಎಳ್ಳು ಊಟದಲ್ಲಿ ಹೆಚ್ಚಿಸಿ, ಕರಿ ಉಪ್ಪು, ಅಡಿಕೆ, ಗುಟ್ಕಾ ಬಿಡಿಸಿದರೆ ಹೊಟ್ಟೆಯ ಸಂಕಟ, ಸುಸ್ತು ಕೆಲವು ವಾರಗಳಲ್ಲಿ ತಗ್ಗುವುದುಂಟು. ಸೆಟೆದ ಬೆನ್ನು ಮೊದಲಿನಂತೆ ಆಗುವುದಿಲ್ಲ. ಆಗುತ್ತದೆಂದು ಹೇಳಬಾರದು.

ಇಲ್ಲಿಗೆ ಬಂದಾಗ ಎಷ್ಟೋ ಮಂದಿಯ ಕಾಲು ಸೋಲುತ್ತದೆ. ಹಲ್ಲಿನ ಲೆಕ್ಕ ನೋಡಿ. ಶಾಶ್ವತ ಹಲ್ಲಿನ ಕವಚ ಮಗು ಹುಟ್ಟಿದ ಕೆಲವು ತಿಂಗಳಿಂದ ಎಂಟು ವರ್ಷದೊಳಗೆ ವಸಡಿನ ಒಳಗೇ ತಯಾರಾಗುತ್ತದೆ. ಕಲೆ ಬೀಳುವುದು ಆಗಲೇ, ಕಾಣುವುದು ಹಲ್ಲು ಹೊರಬಂದ ಮೇಲೆ. ಇವತ್ತು ಆರು ತಿಂಗಳ ಕೂಸಿನ ಗಂಜಿಗೆ ಒಳ್ಳೆಯ ನೀರು ಇಟ್ಟರೆ, ಅದು ಫಲಿಸಿತೋ ಇಲ್ಲವೋ ತಿಳಿಯುವುದು ಆ ಕೂಸಿಗೆ ಏಳು ವರ್ಷ ತುಂಬಿ ಬಾಯಿಯ ಮುಂದಿನ ಶಾಶ್ವತ ಹಲ್ಲು ಮೂಡಿದಾಗ. ಎರಡು ವರ್ಷಕ್ಕೆಂದು ಬಂದವರು ಅದನ್ನು ನೋಡಲಾರರು. ಇವತ್ತು ಕಲೆಯಿರುವ ಮಕ್ಕಳು ನಾಳೆಯೂ ಕಲೆಯಿರುವ ಮಕ್ಕಳೇ. ಎರಡು ವರ್ಷದ ಕೊನೆಗೆ ಊರಲ್ಲಿ ಕಣ್ಣಿಗೆ ಕಾಣುವ ಬದಲಾವಣೆ ಏನೂ ಇರುವುದಿಲ್ಲ. ದೇವರ ಮೇಲಿನ ನಂಬಿಕೆ ಎಂಬ ಮಾತಿಗೆ ನಮಗೆ ಅರ್ಥ ಸಿಕ್ಕಿರುವುದು ಈ ಐದಾರು ವರ್ಷಗಳ ಖಾಲಿ ಜಾಗದಲ್ಲಿ. ನೀರಿನಲ್ಲಿ ಎಷ್ಟಿದೆ ಎಂಬುದನ್ನು ದೇವರಿಗೆ ಬಿಡುವಂತಿಲ್ಲ, ಅದಕ್ಕೆ ಕಿಟ್ ಇದೆ. ಡ್ರಮ್ಮಿನ ಬೂಚನ್ನು ದೇವರು ಬಂದು ತೆಗೆಯುವುದಿಲ್ಲ. ಬಿಡಬೇಕಾದದ್ದು ಆ ಕೂಸಿನ ನಗುವನ್ನು. ಅದು ಮೂಡುವ ಹೊತ್ತಿಗೆ ನಾವು ಎಲ್ಲಿರುತ್ತೇವೋ.

"ದೇವರು ಇಟ್ಟಂಗ ಆಗ್ಲಿ ಬಿಡ್ರಿ ಸರ" ಎಂದು ಊರಿನವರು ಹೇಳಿದಾಗ ಹೊಸಬರು ಅದನ್ನು ಸೋಮಾರಿತನವೆಂದು ತಿಳಿಯುತ್ತಾರೆ. ಅಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲ ಊರುಗಳ ಹೆಣ್ಣುಮಕ್ಕಳು ಗಾಡಿಗಟ್ಟಲೆ ರೊಟ್ಟಿ ಬಡಿದು ಕಳಿಸುತ್ತಾರೆ, ಯಾರು ತಿನ್ನುತ್ತಾರೆಂದು ಕೇಳುವುದಿಲ್ಲ. 2019ರಲ್ಲಿ ಗವಿಮಠದ ಸ್ವಾಮೀಜಿ ಮುಂದೆ ನಿಂತು ಹಿರೇಹಳ್ಳದ ಹೂಳು, ಬಳ್ಳಾರಿ ಜಾಲಿ ತೆಗೆಸಲು ಹೊರಟಾಗ ಕೈಜೋಡಿಸಿದವರೂ ಇದೇ ಜನ. ಕೆಲಸ ಎದುರಿಗಿದ್ದು, ಕರೆದವರ ಮೇಲೆ ವಿಶ್ವಾಸವಿದ್ದರೆ ಅವರು ದೇವರ ಹೆಸರಿನಲ್ಲೇ ಸಲಿಕೆ ಹಿಡಿಯುತ್ತಾರೆ. ಆ ವಿಶ್ವಾಸ ಗಳಿಸಲು ಮೊದಲ ಮೂರು ತಿಂಗಳು ಉಪದೇಶವಿಲ್ಲದೆ ಕೂರಬೇಕು. ಮೊಹರಂನ ಅಲಾಯಿ ದೇವರ ಮುಂದೆಯೂ ಕೂರಬೇಕು, ಹನುಮಪ್ಪನ ಗುಡಿ ಕಟ್ಟೆಯ ಮೇಲೂ ಕೂರಬೇಕು.

ಲಿಂಗಸುಗೂರು ತಾಲೂಕಿನ ಗುರುಗುಂಟಾ ಅಮರೇಶ್ವರದ ಹೆಸರು ಕೇಳಿರುತ್ತೀರಿ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಅಲ್ಲಿಂದ ಕಲ್ಯಾಣಕ್ಕೆ ಹೋದವರು, 12ನೇ ಶತಮಾನದ ಶರಣರು. ಕಾಯಕವೇ ಕೈಲಾಸ ಎಂಬ ಮಾತು ಇರುವುದು ಮಾರಯ್ಯನ ವಚನದಲ್ಲಿ. ಬಿದ್ದ ಅಕ್ಕಿ ಆಯ್ದು ತರುವುದು ಆತನ ಕಾಯಕ, ಅದರಲ್ಲೇ ದಾಸೋಹ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ. ಹೆಚ್ಚಿನದ್ದನ್ನು ತಂದಲ್ಲೇ ಸುರಿದು ಬಾ ಎಂದಳು. ಬಡವರ ಮನೆ, ನಾಳೆಗೆ ಇರಲಿ ಎನ್ನಬಹುದಿತ್ತು. ನಾಳೆಯ ಅಕ್ಕಿ ನಾಳೆ ಸಿಗುತ್ತದೆಂಬ ನಂಬಿಕೆ ಆಕೆಯದು, ಇವತ್ತಿನ ಅಕ್ಕಿ ಇವತ್ತೇ ಆಯಬೇಕೆಂಬ ನಿಷ್ಠೆಯೂ ಆಕೆಯದೇ.

ಸೇವೆಗೆ ಬಂದವರು ಸೋಲುವುದು ಹೆಚ್ಚಾಗಿ ಲಕ್ಕಮ್ಮ ಬೇಡವೆಂದ ಆ ಹೆಚ್ಚಿನ ಅಕ್ಕಿಯಿಂದ. ಒಂದು ಊರಿನ ಕೆಲಸ ನೆಲೆಗೊಳ್ಳುವ ಮುಂಚೆ ಹನ್ನೆರಡು ಊರು ಒಪ್ಪಿಕೊಳ್ಳುತ್ತಾರೆ. ಯಾರೋ ದಾನಿ ಹೊಸ ಯಂತ್ರ ಕೊಡುತ್ತೇನೆಂದರೆ, ನಡೆಸುವವರು ಯಾರೆಂದು ಕೇಳದೆ ಇಳಿಸಿಕೊಳ್ಳುತ್ತಾರೆ. ಆಮೇಲೆ ಬೀಗ ಬಿದ್ದ ಘಟಕಗಳನ್ನು ನೋಡಿ ದೇವರು ಕೈಬಿಟ್ಟನೆಂದು ಕೊರಗುತ್ತಾರೆ. ಇಬ್ಬರು ಇದ್ದರೆ ಎರಡು ಊರು, ಒಂದು ಶಾಲಾ ತೊಟ್ಟಿ, ನೂರು ಒಲೆ. ಅದಕ್ಕಿಂತ ಹೆಚ್ಚು ಬಂದರೆ ತಂದಲ್ಲೇ ಸುರಿದು ಬರಬೇಕು.

ಹೊರಡುವ ದಿನ ಎಲ್ಲರಿಗೂ ಬರುತ್ತದೆ, ತಯಾರಿ ಮೊದಲ ವರ್ಷವೇ ಆಗಲಿ. ಒಂದು ಉದ್ದನೆಯ ರಿಜಿಸ್ಟರ್ ತಂದು ಬೋರಿಗೆ ಒಂದು ಪುಟ, ಫಿಲ್ಟರ್ ಘಟಕಕ್ಕೆ ನಾಲ್ಕು ಪುಟ, ಶಾಲೆಯ ತೊಟ್ಟಿಗೆ ಎರಡು ಪುಟ ಹಾಕಿ. ಕೊನೆಯ ಪುಟಗಳಲ್ಲಿ ಆ ವರ್ಷ ಹುಟ್ಟಿದ ಕೂಸುಗಳ ಹೆಸರು, ಗಂಜಿ ಶುರುವಾದ ತಿಂಗಳು, ಮನೆಯ ನೀರು ಯಾವುದು. ಅದರ ಪಕ್ಕದಲ್ಲಿ ಮುಂದಿನ ಹಲ್ಲು ಬಂದ ಮೇಲೆ ಬರೆಯಲು ಒಂದು ಖಾಲಿ ಕಾಲಂ ಬಿಡಿ. ಪರೀಕ್ಷೆ ಕಲಿತ ಹೆಣ್ಣುಮಕ್ಕಳ ಕೈಯಲ್ಲೇ ಮೊದಲ ದಿನದಿಂದ ಬರೆಸಿ, ನಿಮ್ಮ ಅಕ್ಷರ ಅದರಲ್ಲಿ ಬೀಳದಿರಲಿ. ರಿಜಿಸ್ಟರ್ ಅಂಗನವಾಡಿಯ ಕಪಾಟಿನಲ್ಲಿರಲಿ, ಕಿಟ್ ಕೂಡ ಅಲ್ಲೇ, ಬಿಸಿಲು ಬೀಳದ ಕೆಳಗಿನ ಅರೆಯಲ್ಲಿ. ರಿಯೇಜೆಂಟಿನ ಅವಧಿ ಮುಗಿಯುವ ತಾರೀಕನ್ನು ಕಪಾಟಿನ ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ.